ಚದುರಂಗದ ಆನಂದ್: ಸೋಲು ಗೆಲವುಗಳ ಒಂದು ಅಧ್ಯಯನ

(ಅಂತಿಮ ಬಿ.ಎ. ವಿದ್ಯಾರ್ಥಿ)

ಪೀಠಿಕೆ

ಹಂಗಳದಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ತಿರುಗುವ ರಸ್ತೆಯನ್ನು ಅರಿಯದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಕಳೆದ ವರ್ಷ ಒಂದು ಭಾನುವಾರ ನಮ್ಮ ತರಗತಿಯ ಹತ್ತು ಹನ್ನೆರಡು ಮಂದಿ ಅಲ್ಲಿಗೆ ಹೋಗಿದ್ದೆವು. ಬೆಟ್ಟದ ಬುಡದಿಂದಾಚೆಗೆ ಸ್ವಂತ ವಾಹನಗಳನ್ನು ಬಿಡುವುದಿಲ್ಲವಷ್ಟೆ. ಸರ್ಕಾರಿ ಬಸ್ಸಿಗಾಗಿ ಸಾಲಿನಲ್ಲಿ ನಿಂತು ಮೇಲಕ್ಕೆ ಹೋದೆವು. ಸಮುದ್ರ ಮಟ್ಟದಿಂದ ೧೪೫೪ ಮೀಟರ್ ಎತ್ತರದ ಆ ನೆತ್ತಿಯ ಮೇಲೆ ಅಂದು ದಟ್ಟವಾದ ಮಂಜು. ಹತ್ತು ಮಾರು ಮುಂದಿದ್ದ ಗೆಳೆಯನೂ ಕಾಣಿಸುತ್ತಿರಲಿಲ್ಲ. ವೇಣುಗೋಪಾಲನ ದರ್ಶನ ಮಾಡಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಬೆಟ್ಟದ ತೀರ್ಥಗಳ ಮಹಿಮೆಯನ್ನು ಹೇಳತೊಡಗಿದರು. ಅವುಗಳಲ್ಲಿ ಹಂಸತೀರ್ಥವೆಂಬುದೊಂದು. ಕಾಗೆಯೊಂದು ಅದರಲ್ಲಿ ಮಿಂದು ಹಂಸವಾಯಿತಂತೆ. ಅಂದಿನಿಂದ ಈ ಬೆಟ್ಟದ ಮೇಲೆ ಕಾಗೆಗಳೇ ಸುಳಿಯುವುದಿಲ್ಲವೆಂಬುದು ಐತಿಹ್ಯ.

ನನ್ನ ಗೆಳೆಯನೊಬ್ಬ ಇದನ್ನು ಕೇಳಿ, "ಇವನನ್ನೂ ಅಲ್ಲಿ ಒಂದು ಸಲ ಮುಳುಗಿಸೋಣ ಕಣ್ರೋ. ಮುಂದಿನ ಪಂದ್ಯದಲ್ಲಾದರೂ ಗೆದ್ದಾನು!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಕ್ಕೆ ಎರಡು ವಾರ ಮುಂಚೆಯಷ್ಟೇ ಅಂತರ ಕಾಲೇಜು ಚದುರಂಗ ಪಂದ್ಯದ ಮೊದಲನೆಯ ಸುತ್ತಿನಲ್ಲಿಯೇ, ಅರ್ಧ ಗಂಟೆಯೂ ತುಂಬುವ ಮೊದಲೇ, ನಾನು ಸೋತು ಎದ್ದು ಬಂದಿದ್ದೆ. ಅದೇ ತಿಂಗಳು ಪರೀಕ್ಷೆಯ ಫಲಿತಾಂಶವೂ ಬಂದಿತ್ತು. ಅರ್ಥಶಾಸ್ತ್ರದ ಒಂದು ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಅನುತ್ತೀರ್ಣ ಎಂದಿತ್ತು. ಓದನ್ನೇ ಬಿಟ್ಟು ತರಕಾರಿ ಸಾಗಿಸುವ ಗಾಡಿಗೆ ಹೋಗಿಬಿಡೋಣವೆಂದು ನಾನು ಆಗ ಯೋಚಿಸುತ್ತಿದ್ದುದು ನಕ್ಕವರಿಗೆ ತಿಳಿದಿರಲಿಲ್ಲ.

ಆದರೆ ಆ ಹಾಸ್ಯದ ಮಾತು ಮನಸ್ಸಿನಲ್ಲಿ ನಿಂತಿತು. ದೊಡ್ಡವರನ್ನು ನೋಡುವಾಗ ನಾವೆಲ್ಲರೂ ಒಳಗೊಳಗೇ ಹಂಸತೀರ್ಥವನ್ನು ನಂಬುತ್ತೇವಲ್ಲವೇ? ಇವರು ಎಲ್ಲಿಯೋ ಒಮ್ಮೆ ಮಿಂದರು, ಹಂಸವಾದರು. ನಮಗೆ ಆ ತೀರ್ಥ ದೊರೆಯಲಿಲ್ಲ ಎಂದುಕೊಳ್ಳುತ್ತೇವೆ. ಇದು ನಿಜವೇ ಎಂದು ಪರೀಕ್ಷಿಸುವ ಸಲುವಾಗಿ, ಭಾರತದ ಮೊದಲನೆಯ ಗ್ರ್ಯಾಂಡ್‌ಮಾಸ್ಟರೂ ಮಾಜಿ ವಿಶ್ವ ಚಾಂಪಿಯನ್ನರೂ ಆದ ವಿಶ್ವನಾಥನ್ ಆನಂದರ ಆಟದ ಜೀವನವನ್ನು ನಾನು ಆರಿಸಿಕೊಂಡೆ. ಒಂದು ವರ್ಷ ಬಿಡುವಾದಾಗಲೆಲ್ಲ ಅವರ ಆಟಗಳನ್ನು ಮಣೆಯ ಮೇಲೆ ಇಟ್ಟು ನೋಡಿದೆ. ಅದರಿಂದ ನನಗೆ ತಿಳಿದುದನ್ನು ಸಹಪಾಠಿಗಳ ಮುಂದೆಯೂ ಗುರುವರ್ಯರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡೂ ಚದುರಂಗವೂ

ಚದುರಂಗವೆಂಬುದು ನಮ್ಮ ಜಿಲ್ಲೆಗೆ ಪರಕೀಯವಾದ ಆಟವಲ್ಲ. ಇಂದಿನ ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆಯವರಾದ ಚಾಮರಾಜ ಒಡೆಯರು ಹುಟ್ಟಿದ್ದು ಅಲ್ಲಿ. ಆ ನೆನಪಿಗಾಗಿ ಮುಮ್ಮಡಿಯವರು ೧೮೧೮ರಲ್ಲಿ ಊರಿಗೆ ಈಗಿನ ಹೆಸರನ್ನಿಟ್ಟರು. ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಈ ಅರಸರು ಹಾಸಂಗಿ ಆಟಗಳಲ್ಲಿ ಬಹಳ ಆಸಕ್ತರು. ೧೮೩೧ರಲ್ಲಿ ಇಂಗ್ಲಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅರಸುತನ ಹೆಸರಿಗೆ ಮಾತ್ರ ಉಳಿಯಿತು. ಆದರೆ ಚದುರಂಗದ ಮಣೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಕುದುರೆಯ ನಡಿಗೆಯೊಂದರಿಂದಲೇ ೬೪ ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ಬಂಧಗಳನ್ನು ರಚಿಸಿದವರೆಂದು ಅವರ ಹೆಸರು ಪರದೇಶದ ಚದುರಂಗ ಚರಿತ್ರೆಗಳಲ್ಲಿಯೂ ಸೇರಿದೆ.

ಅರಮನೆಯ ಆಟ ಹಳ್ಳಿಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ನಾನು ಕಲಿತದ್ದು ನನ್ನ ಸೋದರಮಾವನ ದರ್ಜಿ ಅಂಗಡಿಯಲ್ಲಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಮಾವ ಮನೆಗಳನ್ನು ಬರೆಯುತ್ತಿದ್ದರು. ಕಾಯಿಗಳಲ್ಲಿ ಒಂದು ಕಪ್ಪು ಆನೆ ಕಳೆದುಹೋಗಿತ್ತು. ಅದರ ಜಾಗದಲ್ಲಿ ದಾರ ಮುಗಿದ ಒಂದು ರೀಲು ನಿಲ್ಲುತ್ತಿತ್ತು. ಆಟ ಮುಗಿಯುವ ಮೊದಲೇ ಗಿರಾಕಿ ಬಂದರೆ ಬಟ್ಟೆ ಹಾಸಿ ರಾಜ ಮಂತ್ರಿಗಳನ್ನೆಲ್ಲ ಡಬ್ಬಿಗೆ ತುಂಬಬೇಕಾಗುತ್ತಿತ್ತು. ಆದುದರಿಂದ ಸೋಲಿನ ಅಂಚಿಗೆ ಬಂದಾಗ ಗಿರಾಕಿ ಬರಲೆಂದು ಪ್ರಾರ್ಥಿಸುವುದು ನನ್ನ ಮೊದಲನೆಯ ತಂತ್ರವಾಗಿತ್ತು!

ಇನ್ನು, ಗ್ರ್ಯಾಂಡ್‌ಮಾಸ್ಟರ್ ಎಂಬ ಪದವಿಯ ವಿಷಯವಾಗಿ ಒಂದು ಮಾತು. ೧೯೨೪ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ ಇದನ್ನು ಕೊಡುತ್ತದೆ. ಇಂದಿನ ನಿಯಮದಂತೆ, ನಿರ್ದಿಷ್ಟ ಮಟ್ಟದ ಪಂದ್ಯಾವಳಿಗಳಲ್ಲಿ ಗೊತ್ತಾದ ಸಾಧನೆಯನ್ನು ಮತ್ತೆ ಮತ್ತೆ ತೋರಿಸಬೇಕು. ಜೊತೆಗೆ ೨೫೦೦ ಅಂಕಗಳ ಶ್ರೇಯಾಂಕವನ್ನು ಮುಟ್ಟಬೇಕು. ಒಮ್ಮೆ ಪಡೆದರೆ ಇದು ಜೀವನಪರ್ಯಂತ ಉಳಿಯುತ್ತದೆ. ವಿಶ್ವ ಚಾಂಪಿಯನ್ ಪಟ್ಟ ಹಾಗಲ್ಲ. ಅದು ಸಿಂಹಾಸನವಿದ್ದಂತೆ, ಮತ್ತೊಬ್ಬನು ಗೆದ್ದ ದಿನ ಇಳಿಯಲೇಬೇಕು. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಬಾಲ್ಯ ಮತ್ತು ಶಿಕ್ಷಣ

ಆನಂದರು ಹುಟ್ಟಿದ್ದು ೧೯೬೯ನೆಯ ಇಸವಿ ಡಿಸೆಂಬರ್ ೧೧ರಂದು, ತಮಿಳುನಾಡಿನ ಮಯಿಲಾಡುತುರೈಯಲ್ಲಿ. ಮೂವರು ಮಕ್ಕಳಲ್ಲಿ ಕೊನೆಯವರು. ತಂದೆ ವಿಶ್ವನಾಥನ್ ಅವರು ರೈಲ್ವೆ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದರು. ತಾಯಿ ಸುಶೀಲಾ ಅವರೇ ಮಗನಿಗೆ ಆರನೆಯ ವಯಸ್ಸಿನಲ್ಲಿ ಆಟವನ್ನು ಕಲಿಸಿದರು. ಮದರಾಸಿನಲ್ಲಿ ಆಗ ಸೋವಿಯತ್ ಸಾಂಸ್ಕೃತಿಕ ಕೇಂದ್ರದ ಆಶ್ರಯದಲ್ಲಿ ಮಿಖಾಯಿಲ್ ತಾಲ್ ಅವರ ಹೆಸರಿನ ಚದುರಂಗ ಸಂಘವೊಂದಿತ್ತು. ೧೯೬೧ರಲ್ಲಿಯೇ ಭಾರತದ ಮೊದಲನೆಯ ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿದ್ದ ಮ್ಯಾನ್ಯುಯಲ್ ಆರನ್ ಅವರ ಪ್ರಭಾವ ಅಲ್ಲಿತ್ತು. ಬಾಲಕ ಆನಂದರು ಆ ಸಂಘದಲ್ಲಿ ಆಡಿ ಬೆಳೆದರು.

ಈ ನಡುವೆ ತಂದೆಯವರಿಗೆ ಫಿಲಿಪೈನ್ಸ್ ದೇಶದ ರೈಲ್ವೆಯಲ್ಲಿ ಕೆಲಸವಾಗಿ, ಕುಟುಂಬ ಕೆಲವು ಕಾಲ ಮನಿಲಾ ನಗರದಲ್ಲಿತ್ತು. ಅಲ್ಲಿ ನಡೆದ ಒಂದು ಪ್ರಸಂಗ ನನಗೆ ಅತ್ಯಂತ ಪ್ರಿಯವಾದುದು. ಅಲ್ಲಿನ ದೂರದರ್ಶನದಲ್ಲಿ ಮಧ್ಯಾಹ್ನದ ಹೊತ್ತು ಚದುರಂಗದ ಕಾರ್ಯಕ್ರಮವೊಂದು ಬರುತ್ತಿತ್ತು. ಕೊನೆಯಲ್ಲಿ ಒಂದು ಸಮಸ್ಯೆಯನ್ನು ಕೊಡುತ್ತಿದ್ದರು. ಆಗ ಮಗ ಶಾಲೆಯಲ್ಲಿರುತ್ತಿದ್ದ. ತಾಯಿಯವರು ಆ ಸಮಸ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ಇಬ್ಬರೂ ಕೂತು ಬಿಡಿಸಿ ಉತ್ತರವನ್ನು ಕಳುಹಿಸುತ್ತಿದ್ದರು. ಬಹುಮಾನ ಒಂದು ಪುಸ್ತಕ. ಹೀಗೆ ಎಷ್ಟು ಪುಸ್ತಕಗಳು ಬಂದುವೆಂದರೆ, ಕೊನೆಗೆ ಅವರು ಹುಡುಗನನ್ನು ಕರೆದು, ಬೇಕಾದಷ್ಟು ಪುಸ್ತಕ ತೆಗೆದುಕೊಂಡು ಹೋಗು, ಇನ್ನು ಮೇಲೆ ಉತ್ತರ ಕಳುಹಿಸಬೇಡ ಎಂದರಂತೆ!

ಮಗನ ಪ್ರತಿಭೆಯಷ್ಟೇ ಇಲ್ಲಿ ನನಗೆ ಕಾಣುವುದು ಆ ತಾಯಿಯ ಕಾಗದ. ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಕಾಲಿಟ್ಟವನು ನಾನೇ ಮೊದಲನೆಯವನು. ತಂದೆಯವರು ನಾಲ್ಕನೆಯ ತರಗತಿಯವರೆಗೆ ಓದಿ ಹೊಲಕ್ಕೆ ಹೋದವರು. ತಾಯಿಯವರಿಗೆ ಅಕ್ಷರ ಬರುವುದಿಲ್ಲ. ಚೆಂಡುಹೂವಿನ ಹೊಲದಲ್ಲಿ ಹೂ ಬಿಡಿಸಿ ಬಂದವರು, ನಾನು ಓದುತ್ತ ಕುಳಿತಿದ್ದರೆ ಪಾತ್ರೆಯ ಸದ್ದಾಗದಂತೆ ನೋಡಿಕೊಳ್ಳುತ್ತಾರೆ. ಬರೆದುಕೊಡುವ ತಾಯಿ ಒಬ್ಬರು, ಸದ್ದಡಗಿಸುವ ತಾಯಿ ಒಬ್ಬರು. ಎರಡೂ ಉಪಕಾರಗಳೇ. ಆದರೆ ಮೊದಲನೆಯದು ದೊರೆತವನು ಸ್ವಲ್ಪ ಮುಂದೆ ಹೊರಡುತ್ತಾನೆಂಬುದನ್ನೂ ಒಪ್ಪಿಕೊಳ್ಳಬೇಕು.

ಮುಂದಿನ ಹಾದಿಯನ್ನು ಬೇಗ ಹೇಳಿಬಿಡುತ್ತೇನೆ. ೧೯೮೩ರಲ್ಲಿ ರಾಷ್ಟ್ರೀಯ ಸಬ್‌ಜೂನಿಯರ್ ಪಂದ್ಯದಲ್ಲಿ ಒಂಬತ್ತಕ್ಕೆ ಒಂಬತ್ತು ಆಟಗಳನ್ನೂ ಗೆದ್ದರು. ಹದಿನಾರನೆಯ ವಯಸ್ಸಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ೧೯೮೭ರಲ್ಲಿ ಫಿಲಿಪೈನ್ಸಿನ ಬಾಗಿಯೊದಲ್ಲಿ ವಿಶ್ವ ಜೂನಿಯರ್ ಪಟ್ಟವನ್ನು ಗೆದ್ದ ಮೊದಲನೆಯ ಭಾರತೀಯರಾದರು. ೧೯೮೮ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಕ್ರೀಡೆಗೆ ದೇಶದ ಅತ್ಯುನ್ನತ ಪ್ರಶಸ್ತಿಯಾದ ಖೇಲ್ ರತ್ನವನ್ನು ಆರಂಭಿಸಿದಾಗ, ೧೯೯೧-೯೨ರ ಸಾಲಿಗೆ ಮೊದಲು ಪಡೆದವರು ಅವರೇ. ಇಷ್ಟರ ನಡುವೆ ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಓದಿ ವಾಣಿಜ್ಯದ ಪದವಿಯನ್ನೂ ಪಡೆದರು. ಆಟವೋ ಪಾಠವೋ ಎಂದು ಕೇಳುವ ಹಿರಿಯರಿಗೆ ಈ ಒಂದು ಸಂಗತಿಯನ್ನು ನಾವು ಧೈರ್ಯವಾಗಿ ತೋರಿಸಬಹುದು.

ಅವರ ಆಟದ ಮೊದಲ ಲಕ್ಷಣ ವೇಗ. ಎದುರಾಳಿ ಹಣೆಗೆ ಕೈಯಿಟ್ಟು ಅರ್ಧ ಗಂಟೆ ಯೋಚಿಸಿದರೆ, ಹುಡುಗ ಆನಂದರು ಕ್ಷಣಮಾತ್ರದಲ್ಲಿ ನಡೆಯಿಟ್ಟು ಎದ್ದು ಓಡಾಡುತ್ತಿದ್ದರು. ಅದು ಅವರ ಬಲ. ಮುಂದೆ ತಿಳಿದುಬಂದಂತೆ, ಬಲವೊಂದೇ ಸಾಲದು.

ಎರಡು ದೊಡ್ಡ ಸೋಲುಗಳು

ವಿಶ್ವ ಚಾಂಪಿಯನ್ ಪಟ್ಟದ ಚರಿತ್ರೆಯಲ್ಲಿ ೧೯೯೩ ಒಡಕಿನ ವರ್ಷ. ಚಾಂಪಿಯನ್ನರಾಗಿದ್ದ ರಷ್ಯದ ಗ್ಯಾರಿ ಕಾಸ್ಪರೋವರು ಫಿಡೆಯನ್ನು ಬಿಟ್ಟು ಬೇರೆ ಸಂಘವನ್ನು ಕಟ್ಟಿದರು. ಅಂದಿನಿಂದ ೨೦೦೬ರವರೆಗೆ ಎರಡು ಪಟ್ಟಗಳಿದ್ದುವು. ಆನಂದರು ಈ ಎರಡು ಬಾಗಿಲುಗಳನ್ನೂ ತಟ್ಟಿದರು. ಎರಡೂ ಕಡೆ ಮೊದಲು ಸೋತರು.

೧೯೯೫ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ೧೦೭ನೆಯ ಅಂತಸ್ತಿನಲ್ಲಿ ಕಾಸ್ಪರೋವರೊಡನೆ ಪಂದ್ಯ. ಗೆದ್ದ ಆಟಕ್ಕೆ ಒಂದು ಅಂಕ, ಸಮವಾದರೆ ಇಬ್ಬರಿಗೂ ಅರ್ಧ. ಮೊದಲ ಎಂಟು ಆಟಗಳೂ ಸಮ. ಒಂಬತ್ತನೆಯದನ್ನು ಆನಂದರು ಗೆದ್ದರು. ಜಗತ್ತು ಬೆರಗಾಯಿತು. ಆದರೆ ಹತ್ತನೆಯ ಆಟದಲ್ಲಿ ಕಾಸ್ಪರೋವರು ಮನೆಯಲ್ಲಿಯೇ ಸಿದ್ಧಪಡಿಸಿ ತಂದಿದ್ದ ಹೊಸ ದಾರಿಯೊಂದನ್ನು ಹಿಡಿದು, ತಮ್ಮ ಒಂದು ಆನೆಯನ್ನೇ ಬಲಿಕೊಟ್ಟು ಗೆದ್ದರು. ಹನ್ನೊಂದನೆಯದರಲ್ಲಿ ಅವರು ಆಡುತ್ತಾರೆಂದು ಯಾರೂ ನಿರೀಕ್ಷಿಸದಿದ್ದ ಪ್ರಾರಂಭವೊಂದನ್ನು ಆಡಿ ಮತ್ತೆ ಗೆದ್ದರು. ಹದಿಮೂರು, ಹದಿನಾಲ್ಕನೆಯ ಆಟಗಳೂ ಅವರವೇ ಆದುವು. ಕೊನೆಯ ಎಣಿಕೆ ೧೦.೫ಕ್ಕೆ ೭.೫.

ಇದನ್ನು ಮಣೆಯ ಮೇಲೆ ಆಡಿ ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಆ ಹತ್ತನೆಯ ಆಟ ನ್ಯೂಯಾರ್ಕಿನಲ್ಲಿ ಆರಂಭವಾಗಲೇ ಇಲ್ಲ. ಅದು ಅದಕ್ಕೆ ಮುಂಚೆಯೇ ಕಾಸ್ಪರೋವರ ಕೊಠಡಿಯಲ್ಲಿ ಆಡಿ ಮುಗಿದಿತ್ತು. ಒಬ್ಬರು ಮಣೆಯ ಮುಂದೆ ಕುಳಿತು ಯೋಚಿಸಿದರು. ಇನ್ನೊಬ್ಬರು ಯೋಚಿಸಿಕೊಂಡು ಬಂದು ಕುಳಿತರು.

ಎರಡನೆಯ ಸೋಲು ೧೯೯೮ರ ಜನವರಿಯಲ್ಲಿ. ಹಾಲೆಂಡಿನ ಗ್ರೊನಿಂಗನ್ನಿನಲ್ಲಿ ಮೂರು ವಾರಗಳ ಕಾಲ, ಸೋತವನು ಹೊರಗೆ ಎಂಬ ಕ್ರಮದ ಪಂದ್ಯಗಳನ್ನು ಒಂದರ ಮೇಲೊಂದು ಆಡಿ ಆನಂದರು ಗೆದ್ದರು. ಫಿಡೆಯ ಚಾಂಪಿಯನ್ನರಾಗಿದ್ದ ಅನಾತೊಲಿ ಕಾರ್ಪೋವರನ್ನು ಮಾತ್ರ ನೇರವಾಗಿ ಅಂತಿಮ ಪಂದ್ಯಕ್ಕೇ ಕೂರಿಸಿದ್ದರು. ಗ್ರೊನಿಂಗನ್ನಿನ ಆಟ ಮುಗಿದು ಕೆಲವೇ ದಿನಗಳಲ್ಲಿ ಆನಂದರು ಸ್ವಿಟ್ಸರ್ಲೆಂಡಿನ ಲೊಸಾನಿಗೆ ಹೋಗಿ ಕಾರ್ಪೋವರ ಮುಂದೆ ಕುಳಿತರು. ಒಬ್ಬರು ವಿಶ್ರಾಂತಿ ಪಡೆದವರು, ಮತ್ತೊಬ್ಬರು ದಣಿದವರು. ಆದರೂ ಆರು ಆಟಗಳಲ್ಲಿ ೩ಕ್ಕೆ ೩ ಸಮವಾಯಿತು. ಅನಂತರದ ಎರಡು ಶೀಘ್ರ ಆಟಗಳನ್ನು ಕಾರ್ಪೋವರು ಗೆದ್ದರು. ಇದು ಅನ್ಯಾಯದ ವ್ಯವಸ್ಥೆಯೆಂದು ನನಗೆ ತೋರುತ್ತದೆ. ಆದರೆ ಅನ್ಯಾಯವೆಂದು ತೋರಿಸಿಕೊಟ್ಟ ಮಾತ್ರಕ್ಕೆ ಸೋತ ಆಟ ಗೆಲ್ಲುವುದಿಲ್ಲವಲ್ಲ! ಆನಂದರ ಮುಂದೆ ಉಳಿದಿದ್ದುದು ಮತ್ತೆ ಆಡುವುದೊಂದೇ.

ಪಟ್ಟ

ಮತ್ತೆ ಆಡಿದರು. ೨೦೦೦ದ ಫಿಡೆ ವಿಶ್ವ ಚಾಂಪಿಯನ್‌ಷಿಪ್ ದೆಹಲಿಯಲ್ಲಿ ನಡೆದು, ಅಂತಿಮ ಪಂದ್ಯ ಇರಾನಿನ ತೆಹರಾನಿನಲ್ಲಿ ಏರ್ಪಟ್ಟಿತು. ಡಿಸೆಂಬರ್ ೨೪ರಂದು ಆನಂದರು ಅಲೆಕ್ಸಿ ಶಿರೋವರನ್ನು ೩.೫ಕ್ಕೆ ೦.೫ರಿಂದ ಸೋಲಿಸಿ ಭಾರತದ ಮೊದಲನೆಯ ವಿಶ್ವ ಚಾಂಪಿಯನ್ನರಾದರು. ಚದುರಂಗ ಪರ್ಷಿಯಾದ ದಾರಿಯಿಂದಲೇ ಭಾರತವನ್ನು ಬಿಟ್ಟು ಜಗತ್ತಿಗೆ ಹೋಯಿತೆಂಬುದನ್ನು ನೆನೆದರೆ, ಪಟ್ಟವು ಅದೇ ದಾರಿಯಿಂದ ತವರಿಗೆ ಮರಳಿದಂತಾಯಿತು.

ಆದರೆ ಆಗಲೂ ಲೋಕದಲ್ಲಿ ಎರಡು ಪಟ್ಟಗಳು. ಮತ್ತೊಂದು ಕಡೆ ವ್ಲಾದಿಮಿರ್ ಕ್ರಾಮ್ನಿಕರು ಅದೇ ವರ್ಷ ಕಾಸ್ಪರೋವರನ್ನು ಸೋಲಿಸಿ ಕುಳಿತಿದ್ದರು. ಮುಂದಿನ ಆವೃತ್ತಿಯಲ್ಲಿ ಫಿಡೆಯ ಪಟ್ಟವೂ ಆನಂದರ ಕೈತಪ್ಪಿತು. ಮತ್ತೆ ಐದಾರು ವರ್ಷಗಳ ಕಾಯುವಿಕೆ. ೨೦೦೬ರಲ್ಲಿ ಒಡಕು ಸರಿಹೋದ ಮೇಲೆ, ೨೦೦೭ರಲ್ಲಿ ಮೆಕ್ಸಿಕೊ ನಗರದಲ್ಲಿ ಎಂಟು ಮಂದಿ ಪ್ರಮುಖರ ಪಂದ್ಯಾವಳಿ ನಡೆಯಿತು. ಹದಿನಾಲ್ಕು ಆಟಗಳಲ್ಲಿ ಒಂದನ್ನೂ ಸೋಲದೆ ೯ ಅಂಕಗಳನ್ನು ಪಡೆದು ಆನಂದರು ನಿರ್ವಿವಾದವಾದ ವಿಶ್ವ ಚಾಂಪಿಯನ್ನರಾದರು. ಆಗ ಅವರಿಗೆ ಮೂವತ್ತೇಳು ವರ್ಷ. ನ್ಯೂಯಾರ್ಕಿನ ಸೋಲಿಗೂ ಈ ಗೆಲವಿಗೂ ಮಧ್ಯೆ ಹನ್ನೆರಡು ವರ್ಷಗಳು ಕಳೆದಿದ್ದುವು.

ಬಾನ್ ನಗರದ ಪಾಠ

ನನ್ನ ಅಧ್ಯಯನದ ಕೇಂದ್ರ ೨೦೦೮ರ ಬಾನ್ ಪಂದ್ಯ. ಜರ್ಮನಿಯ ಆ ನಗರದಲ್ಲಿ ಆನಂದರಿಗೂ ಕ್ರಾಮ್ನಿಕರಿಗೂ ಹನ್ನೆರಡು ಆಟಗಳ ಪಂದ್ಯವೆಂದು ಗೊತ್ತಾಗಿತ್ತು. ಅದರ ಸ್ವಾರಸ್ಯ ತಿಳಿಯಬೇಕಾದರೆ ಆಟದ ಒಂದು ಮೂಲಾಂಶವನ್ನು ಹೇಳಬೇಕು. ಬಿಳಿಯ ಕಾಯಿಗಳವನು ಸಾಮಾನ್ಯವಾಗಿ ಎರಡು ವಿಧಗಳಲ್ಲಿ ಆಟವನ್ನು ತೆರೆಯುತ್ತಾನೆ: ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ಇಡುವುದು ಒಂದು, ಮಂತ್ರಿಯ ಮುಂದಿನ ಕಾಲಾಳನ್ನು ಹಾಗೆ ಇಡುವುದು ಇನ್ನೊಂದು. ಹೊರನೋಟಕ್ಕೆ ಒಂದು ಮನೆಯ ಅಂತರವಷ್ಟೆ. ಆದರೆ ಮೊದಲನೆಯದರಿಂದ ಹುಟ್ಟುವ ಆಟಗಳು ಬೇರೆ, ಎರಡನೆಯದರಿಂದ ಹುಟ್ಟುವವು ಬೇರೆ. ರಾಗಿಯ ಹೊಲದವನು ಅರಿಶಿನಕ್ಕೆ ಹೋದಂತೆ. ಭೂಮಿ ಒಂದೇ, ಬೇಸಾಯವೆಲ್ಲ ಹೊಸದು.

ಆನಂದರು ಜೀವಮಾನವಿಡೀ ಹೆಚ್ಚಾಗಿ ರಾಜನ ಕಾಲಾಳಿನಿಂದ ತೆರೆದವರು. ಮಂತ್ರಿಯ ಕಾಲಾಳಿನ ಆಟ ಕ್ರಾಮ್ನಿಕರ ಸ್ವಂತ ನೆಲ. ಸಹಜವಾಗಿ ಕ್ರಾಮ್ನಿಕರು ಆನಂದರ ಹಳೆಯ ಆಟಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡು ಬಂದಿದ್ದರು. ಆನಂದರು ಬಿಳಿಯ ಕಾಯಿಗಳನ್ನು ಹಿಡಿದಾಗ ಮಂತ್ರಿಯ ಕಾಲಾಳನ್ನು ಮುಂದಿಟ್ಟರು! ಡೆನ್ಮಾರ್ಕಿನ ಪೀಟರ್ ಹೈನೆ ನೀಲ್ಸನ್, ಉಜ್ಬೇಕಿಸ್ತಾನದ ಕಾಸಿಂಜಾನೋವ್, ಪೋಲೆಂಡಿನ ವೊಯ್ತಾಶೆಕ್, ನಮ್ಮ ಬಂಗಾಳದ ಸೂರ್ಯಶೇಖರ ಗಂಗೂಲಿ ಇವರನ್ನು ಸಹಾಯಕರನ್ನಾಗಿ ಕೂಡಿಸಿಕೊಂಡು, ಮೂವತ್ತೆಂಟು ವರ್ಷದ ಚಾಂಪಿಯನ್ ಹೊಸ ವಿದ್ಯಾರ್ಥಿಯಂತೆ ಕುಳಿತು ಕಲಿತು ಬಂದಿದ್ದರು. ಮೂರನೆಯ ಮತ್ತು ಐದನೆಯ ಆಟಗಳನ್ನು ಕಪ್ಪು ಕಾಯಿಗಳಿಂದ ಗೆದ್ದರು. ಮೊದಲ ನಡೆಯ ಅನುಕೂಲವಿಲ್ಲದ ಕಪ್ಪಿನಿಂದ ಈ ಮಟ್ಟದಲ್ಲಿ ಗೆಲ್ಲುವುದೇ ಕಷ್ಟ. ಎರಡು ಬಾರಿಯೂ ಅವರು ಹಿಡಿದದ್ದು ಒಂದೇ ಪ್ರಾರಂಭ, ತಾವು ಮನೆಯಲ್ಲಿ ಅರೆದು ತಂದ ಒಂದೇ ದಾರಿ. ಆರನೆಯದೂ ಅವರದೇ. ಹತ್ತನೆಯದನ್ನು ಕ್ರಾಮ್ನಿಕರು ಗೆದ್ದರೂ ಹನ್ನೊಂದನೆಯದು ಸಮವಾಗಿ, ೬.೫ಕ್ಕೆ ೪.೫ರಿಂದ ಪಂದ್ಯ ಮುಗಿಯಿತು.

ವಾಚಕರು ಈಗ ನ್ಯೂಯಾರ್ಕಿನ ಹತ್ತನೆಯ ಆಟವನ್ನು ನೆನಪಿಸಿಕೊಳ್ಳಬೇಕು. ಅಂದು ಆನಂದರನ್ನು ಸೋಲಿಸಿದ ಆಯುಧ ಯಾವುದೋ ಅದನ್ನೇ ಹದಿಮೂರು ವರ್ಷಗಳ ಮೇಲೆ ಅವರು ಕೈಯಲ್ಲಿ ಹಿಡಿದಿದ್ದರು. ಸೋಲಿಸಿದವನನ್ನು ದೂರುವುದು ಸುಲಭ. ಅವನ ಬಳಿಯೇ ಪಾಠ ಹೇಳಿಸಿಕೊಳ್ಳುವುದು ಕಷ್ಟ. ಎರಡನೆಯದನ್ನು ಮಾಡಬಲ್ಲವನಿಗೆ ಸೋಲು ವ್ಯರ್ಥವಾಗುವುದಿಲ್ಲ.

೨೦೧೦ರಲ್ಲಿ ಬಲ್ಗೇರಿಯದ ಸೋಫಿಯಾದಲ್ಲಿ ವೆಸೆಲಿನ್ ತೊಪಲೋವರೊಡನೆ ಪಂದ್ಯ, ಅದೂ ಎದುರಾಳಿಯ ಸ್ವದೇಶದಲ್ಲಿ. ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿನ ವಿಮಾನಗಳೆಲ್ಲ ನಿಂತುಹೋದುವು. ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿಬಿದ್ದ ಆನಂದರು ಸುಮಾರು ನಲವತ್ತು ಗಂಟೆಗಳ ಕಾಲ ರಸ್ತೆಯ ಮೇಲೆ ಪ್ರಯಾಣ ಮಾಡಿ ಸೋಫಿಯಾ ತಲಪಿದರು. ಮೂರು ದಿನ ಮುಂದೂಡಿರೆಂದು ಕೇಳಿದ್ದಕ್ಕೆ ದೊರೆತದ್ದು ಒಂದು ದಿನ. ಮೊದಲನೆಯ ಆಟವನ್ನೇ ಸೋತರು. ಎರಡನೆಯದನ್ನೂ ನಾಲ್ಕನೆಯದನ್ನೂ ಗೆದ್ದು, ಎಂಟನೆಯದನ್ನು ಮತ್ತೆ ಸೋತು, ಕೊನೆಯದಾದ ಹನ್ನೆರಡನೆಯ ಆಟವನ್ನು ಕಪ್ಪಿನಿಂದ ಗೆದ್ದು ಪಟ್ಟವನ್ನುಳಿಸಿಕೊಂಡರು. ೨೦೧೨ರಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡರೊಡನೆ ಏಳನೆಯ ಆಟ ಸೋತು, ಮಾರನೆಯ ಆಟವನ್ನು ಹದಿನೇಳೇ ನಡೆಗಳಲ್ಲಿ ಗೆದ್ದರು. ಪಂದ್ಯ ೬ಕ್ಕೆ ೬ ಸಮವಾಗಿ, ಶೀಘ್ರ ಆಟಗಳಲ್ಲಿ ೨.೫ಕ್ಕೆ ೧.೫ರಿಂದ ಪಟ್ಟ ಅವರಲ್ಲಿಯೇ ಉಳಿಯಿತು.

ಪಟ್ಟವಿಳಿದ ಮೇಲೆ

೨೦೧೩ರ ನವೆಂಬರಿನಲ್ಲಿ ಚೆನ್ನೈ ನಗರದಲ್ಲಿಯೇ, ತಮ್ಮವರೆಲ್ಲರ ಕಣ್ಣ ಮುಂದೆಯೇ, ಆನಂದರು ಸೋತರು. ಎದುರಾಳಿ ನಾರ್ವೆಯ ಇಪ್ಪತ್ತೆರಡು ವರ್ಷದ ಮ್ಯಾಗ್ನಸ್ ಕಾರ್ಲ್‌ಸನ್. ಹತ್ತು ಆಟಗಳಲ್ಲಿ ಆನಂದರು ಒಂದನ್ನೂ ಗೆಲ್ಲಲಾಗಲಿಲ್ಲ; ಎಣಿಕೆ ೬.೫ಕ್ಕೆ ೩.೫. ಸಿದ್ಧತೆಯ ಯುದ್ಧಕ್ಕೆ ಕಾರ್ಲ್‌ಸನ್ನರು ಇಳಿಯಲೇ ಇಲ್ಲ. ಸರಳವಾಗಿ ತೆರೆದು, ಸಮವೆಂದು ತೋರುವ ಸ್ಥಿತಿಯಲ್ಲಿ ಗಂಟೆಗಟ್ಟಲೆ ಕುಳಿತು, ಎದುರಾಳಿ ದಣಿದು ತಪ್ಪುವವರೆಗೆ ಬಿಡದೆ ಆಡುವುದು ಅವರ ಕ್ರಮ. ಕಾಲ ಮತ್ತೆ ಬದಲಾಗಿತ್ತು.

ಅವರ ಕಾಲ ಮುಗಿಯಿತೆಂದು ಹಲವರು ಬರೆದರು. ನಾಲ್ಕೇ ತಿಂಗಳ ಮೇಲೆ, ಮುಂದಿನ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿ ರಷ್ಯದ ಖಾಂತಿ ಮಾನ್ಸಿಸ್ಕಿನಲ್ಲಿ ನಡೆದಾಗ, ಒಂದು ಆಟವನ್ನೂ ಸೋಲದೆ ಹದಿನಾಲ್ಕಕ್ಕೆ ೮.೫ ಅಂಕ ಪಡೆದು ಗೆದ್ದವರು ಆನಂದರು! ಅದೇ ವರ್ಷದ ಕೊನೆಗೆ ಸೋಚಿಯಲ್ಲಿ ಕಾರ್ಲ್‌ಸನ್ನರೆದುರು ಮತ್ತೆ ಕುಳಿತರು. ಮೂರನೆಯ ಆಟವನ್ನು ಗೆದ್ದರು. ಆರನೆಯದರಲ್ಲಿ ಕಾರ್ಲ್‌ಸನ್ನರು ದೊಡ್ಡ ತಪ್ಪೊಂದನ್ನು ಮಾಡಿದರು. ಆನಂದರು ಅದನ್ನು ಕಾಣದೆ ಮುಂದಿನ ನಡೆಯನ್ನಿಟ್ಟರು, ಆ ಆಟವನ್ನೂ ಸೋತರು. ಪಂದ್ಯ ೪.೫ಕ್ಕೆ ೬.೫ರಿಂದ ಹೋಯಿತು. ಪಟ್ಟ ಮತ್ತೆ ಬರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ನನ್ನ ಅಧ್ಯಯನ ಸುಳ್ಳಾಗುತ್ತದೆ. ಹಿಂತಿರುಗಿ ಬಂದವನು ಪ್ರತಿ ಸಲವೂ ಗೆದ್ದೇ ಗೆಲ್ಲುತ್ತಾನೆಂಬ ನಿಯಮವಿಲ್ಲ. ಬಂದು ಕೂರದವನಿಗೆ ಗೆಲವಿಲ್ಲವೆಂಬುದು ಮಾತ್ರ ನಿಯಮ.

೨೦೧೭ರ ಡಿಸೆಂಬರಿನಲ್ಲಿ ರಿಯಾದಿನಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಅವರು ಶೀಘ್ರ ಚದುರಂಗದ ವಿಶ್ವ ಚಾಂಪಿಯನ್ನರಾದರು. ದಾರಿಯಲ್ಲಿ ಕಾರ್ಲ್‌ಸನ್ನರನ್ನೂ ಸೋಲಿಸಿದರು. ಬಾಲ್ಯದ ಆ ವೇಗ ಅಷ್ಟು ಕಾಲದ ಮೇಲೂ ಅವರನ್ನು ಬಿಟ್ಟುಹೋಗಿರಲಿಲ್ಲ. ೨೦೨೨ರಲ್ಲಿ ಫಿಡೆಯ ಉಪಾಧ್ಯಕ್ಷರಾಗಿ ಆಯ್ಕೆಯಾದರು. ಎಳೆಯ ಆಟಗಾರರಿಗೆ ಮಾರ್ಗದರ್ಶನ ಮಾಡುವ ಕೆಲಸವನ್ನೂ ಕೈಗೊಂಡರು. ಹಾಗೆ ಅವರ ಮಾರ್ಗದರ್ಶನ ಪಡೆದವರಲ್ಲಿ ಒಬ್ಬರಾದ ಗುಕೇಶರು ೨೦೨೩ರ ಸೆಪ್ಟೆಂಬರ್ ಶ್ರೇಯಾಂಕ ಪಟ್ಟಿಯಲ್ಲಿ ಆನಂದರನ್ನು ದಾಟಿ ಭಾರತದ ಮೊದಲನೆಯ ಸ್ಥಾನಕ್ಕೆ ಬಂದರು. ಮೂವತ್ತೇಳು ವರ್ಷಗಳ ಮೇಲೆ ಆ ಸ್ಥಾನ ಕೈ ಬದಲಾಯಿತು. ೨೦೨೪ರ ಡಿಸೆಂಬರ್ ೧೨ರಂದು ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶರು ಚೀನಾದ ಡಿಂಗ್ ಲಿರೆನರನ್ನು ೭.೫ಕ್ಕೆ ೬.೫ರಿಂದ ಸೋಲಿಸಿ ವಿಶ್ವ ಚಾಂಪಿಯನ್ನರಾದರು. ತನ್ನನ್ನು ದಾಟಿ ಹೋಗುವವನನ್ನು ತಾನೇ ತಿದ್ದುವುದು ಗುರುವಿನ ಕೆಲಸ. ಅದನ್ನು ಮಾಡಿದ ಚಾಂಪಿಯನ್ನರು ಹೆಚ್ಚು ಮಂದಿಯಿಲ್ಲ.

೧೯೮೮ರಲ್ಲಿ ದೇಶಕ್ಕೆ ಒಬ್ಬರೇ ಗ್ರ್ಯಾಂಡ್‌ಮಾಸ್ಟರ್. ಈಗ ಎಂಬತ್ತಕ್ಕೂ ಹೆಚ್ಚು ಮಂದಿ ಆಗಿದ್ದಾರೆ. ನಮ್ಮ ಕರ್ನಾಟಕಕ್ಕೆ ಆ ಗೌರವ ಬಂದದ್ದು ೨೦೧೭ರಲ್ಲಿ. ಮೈಸೂರಿನ ಎಂ. ಎಸ್. ತೇಜಕುಮಾರರು ದೇಶದ ಐವತ್ತನೆಯ ಗ್ರ್ಯಾಂಡ್‌ಮಾಸ್ಟರರಾಗಿ, ರಾಜ್ಯದ ಮೊದಲನೆಯವರಾದರು. ಅವರೂ ರೈಲ್ವೆಯ ನೌಕರಿಯಲ್ಲಿದ್ದು ಆಡಿದವರು. ಮುಮ್ಮಡಿಯವರ ಮೈಸೂರಿನಿಂದಲೇ ಮೊದಲನೆಯವರು ಬಂದರೆಂಬುದು ಸಂತೋಷ. ಬರಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತೆಂಬುದು ಯೋಚಿಸಬೇಕಾದ ವಿಷಯ. ಚೆನ್ನೈಯಲ್ಲಿ ಆಡಿ ಬೆಳೆಯಲು ಒಂದು ಸಂಘವಿತ್ತು, ಮುಂದೆ ನಡೆದ ಒಬ್ಬ ಆರನ್ ಇದ್ದರು, ಪುಸ್ತಕಗಳಿದ್ದುವು. ಪ್ರತಿಭೆ ಎಲ್ಲ ಊರುಗಳಲ್ಲಿಯೂ ಹುಟ್ಟುತ್ತದೆ. ಮಣೆ ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ.

ಉಪಸಂಹಾರ

ಕೊನೆಗೆ ನನ್ನ ವಿಷಯ. ಬೆಟ್ಟದಿಂದ ಬಂದ ರಾತ್ರಿ, ಓದು ಬಿಡುವ ಮಾತನ್ನು ತಂದೆಯವರ ಮುಂದೆ ಎತ್ತಿದೆ. ಅವರು ಬೀಡಿಯನ್ನು ನೆಲಕ್ಕೆ ಒರೆಸಿ, "ಒಂದು ವರ್ಸ ಮಳ ಹೋಯ್ತು ಅಂತ ಹೊಲವ ಬುಟ್ಬುಟ್ಟಾರಾ ಮಗ?" ಎಂದರು. ಹೆಚ್ಚು ಮಾತನಾಡಲಿಲ್ಲ. ಆನಂದರ ಹೆಸರನ್ನು ಅವರು ಕೇಳಿಲ್ಲ. ಆದರೆ ನಾನು ಒಂದು ವರ್ಷ ಮಣೆಯ ಮುಂದೆ ಕುಳಿತು ತಿಳಿದುಕೊಂಡದ್ದು ಆ ಒಂದು ಮಾತಿನಲ್ಲಿತ್ತು.

ನಾನು ಎರಡು ಕೆಲಸಗಳನ್ನು ಮಾಡಿದೆ. ಸೋತ ಆ ಆಟವನ್ನು ನೆನಪಿನಿಂದ ಕಾಗದದ ಮೇಲೆ ಬರೆದೆ. ಎದುರಾಳಿಯ ಚಾತುರ್ಯಕ್ಕಿಂತ ಹೆಚ್ಚಾಗಿ, ಆರನೆಯ ನಡೆಯಲ್ಲಿಯೇ ಮಂತ್ರಿಯನ್ನು ಹೊರಗೆ ತಂದ ನನ್ನ ಆತುರ ಕಾರಣವೆಂದು ತಿಳಿಯಿತು. ಅನುತ್ತೀರ್ಣವಾದ ಪತ್ರಿಕೆಯ ಪ್ರಶ್ನೆಗಳನ್ನೂ ಹಾಗೆಯೇ ಮುಂದಿಟ್ಟುಕೊಂಡು, ನಾನು ಬರೆದಿದ್ದ ಉತ್ತರಗಳನ್ನು ನೆನೆದು ಮತ್ತೆ ಬರೆದೆ. ಅಲ್ಲಿಯೂ ಅದೇ ಆತುರ! ಪ್ರಶ್ನೆಯನ್ನು ಪೂರ್ತಿಯಾಗಿ ಓದುವ ಮೊದಲೇ ಉತ್ತರಕ್ಕೆ ಕೈಹಾಕಿದ್ದೆ. ಮುಂದಿನ ಪರೀಕ್ಷೆಯಲ್ಲಿ ಆ ಪತ್ರಿಕೆಯಲ್ಲಿ ತೇರ್ಗಡೆಯಾದೆ. ಈ ವರ್ಷದ ಅಂತರ ಕಾಲೇಜು ಪಂದ್ಯದಲ್ಲಿ ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತೆ. ಆ ಸೋತ ಆಟವೂ ಬರೆದಿಟ್ಟಾಗಿದೆ.

ಕಿರಿಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಗೆದ್ದ ಆಟಗಳನ್ನು ಎಲ್ಲರೂ ನೆನಪಿಡುತ್ತಾರೆ. ನೀವು ಸೋತ ಆಟವನ್ನು ಬರೆದಿಡಿ. ಅದು ಚದುರಂಗದ್ದಾಗಲಿ, ಪರೀಕ್ಷೆಯದಾಗಲಿ, ಕೆಲಸದ ಸಂದರ್ಶನದ್ದಾಗಲಿ. ಮಾವನ ಅಂಗಡಿಯಲ್ಲಿ ಈಗ ಸಂಜೆಯ ಹೊತ್ತು ನಮ್ಮ ಊರಿನ ನಾಲ್ಕು ಹುಡುಗರು ಬಂದು ಕೂರುತ್ತಾರೆ. ಕಳೆದ ಆನೆಯ ಜಾಗದಲ್ಲಿ ಅದೇ ದಾರದ ರೀಲು ನಿಂತಿದೆ. ಆದರೆ ಗಿರಾಕಿ ಬಂದಾಗ ನಾವು ಕಾಯಿಗಳನ್ನು ಸುಮ್ಮನೆ ಡಬ್ಬಿಗೆ ತುಂಬುವುದಿಲ್ಲ. ಯಾವ ಕಾಯಿ ಯಾವ ಮನೆಯಲ್ಲಿತ್ತೆಂದು ಒಂದು ಚೀಟಿಯಲ್ಲಿ ಬರೆದಿಟ್ಟು, ಗಿರಾಕಿ ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತೇವೆ.

ಗೋಪಾಲಸ್ವಾಮಿ ಬೆಟ್ಟದ ಐತಿಹ್ಯದ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಒಂದೇ ಮುಳುಗಿಗೆ ಹಂಸವಾದ ಕಾಗೆಯ ಕಥೆಗಿಂತ, ಹನ್ನೆರಡು ವರ್ಷ ಮತ್ತೆ ಮತ್ತೆ ಮಣೆಯ ಮುಂದೆ ಬಂದು ಕುಳಿತ ಮನುಷ್ಯನ ಕಥೆ ನನ್ನಂಥವನಿಗೆ ಹೆಚ್ಚು ಧೈರ್ಯ ಕೊಡುತ್ತದೆ. ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಬಸ್ಸಿನ ಸಾಲಿನಲ್ಲಿ ಕಾಯುವ ಹೊತ್ತಿಗೆಂದು ಚಿಕ್ಕ ಮಣೆಯೊಂದನ್ನು ಜೊತೆಯಲ್ಲಿ ಕೊಂಡೊಯ್ಯಬೇಕೆಂದಿದ್ದೇನೆ. ನನ್ನನ್ನು ಹಾಸ್ಯ ಮಾಡಿದ ಆ ಗೆಳೆಯನೇ ಎದುರಿಗೆ ಕೂರುವುದಾಗಿ ಒಪ್ಪಿದ್ದಾನೆ.